ಕೋಟೆ ಗೋಡೆಯಲ್ಲಿ ಕಾಣೆಯಾದ ಅಕ್ಕ

ನಮ್ಮ ಭಾವ ಸುಳ್ಳುಗಾರರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇದು ಅವರು ಹೇಳಿದ ಒಂದು ಸುಳ್ಳಿನ ಕಥೆ. ಆ ಸುಳ್ಳಿನಿಂದ ಒಂದು ಪ್ರವಾಸಿ ಬಸ್ಸು ಅರ್ಧ ದಿನ ನಿಂತುಹೋಯಿತು, ಪೊಲೀಸ್ ಜೀಪು ಬಂತು, ಮೀನಿಗೆ ಹೋಗಿದ್ದ ದೋಣಿ ಮೀನು ಬಿಟ್ಟು ಮನುಷ್ಯರನ್ನು ಹುಡುಕಿತು. ಶತ್ರುಗಳನ್ನು ತಡೆಯಲೆಂದು ಯಾವ ಕಾಲದಲ್ಲೋ ಯಾವನೋ ರಾಜ ಕಟ್ಟಿಸಿದ ಗೋಡೆಯ ಮೇಲೆ ಐಸ್‌ಕ್ರೀಮ್ ಮಾರುವವನಿಂದ ಹಿಡಿದು ಇನ್‌ಸ್ಪೆಕ್ಟರ್‌ವರೆಗೆ ಎಲ್ಲರೂ ನಮ್ಮ ಅಕ್ಕನನ್ನು ಕೂಗುತ್ತಾ ಓಡಾಡಿದರು. ಅಕ್ಕ ಸಿಗಲಿಲ್ಲ. ಸಿಗುವುದು ಹೇಗೆ? ಅಕ್ಕ ತೀರಿಕೊಂಡು ಮೂರು ತಿಂಗಳಾಗಿತ್ತು.

ನೋಡಿ, ಬರೆಯುವಾಗ ಎಷ್ಟು ಸಲೀಸಾಗಿ ಬರೆದುಬಿಟ್ಟೆ. ಬಾಯಲ್ಲಿ ಹೇಳಬೇಕಾದರೆ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಿ ಕೆಟ್ಟ ಸುದ್ದಿ ಹೇಳುವುದು ಅಕ್ಕನ ಇಲಾಖೆಯಾಗಿತ್ತು. ನಾನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದನ್ನು ಅಪ್ಪನಿಗೆ ಹೇಳಿದವಳು ಅಕ್ಕ. ಅಪ್ಪ ಹೋದದ್ದನ್ನು ಅಮ್ಮನಿಗೆ ಹೇಳಿದವಳೂ ಅಕ್ಕ. ಯಾರದಾದರೂ ಕೆಲಸ ಹೋದರೆ, ಮಾತುಕತೆಯಾದ ಮದುವೆ ಮುರಿದುಬಿದ್ದರೆ, ನಾವೆಲ್ಲ ಅಡುಗೆಮನೆಯಲ್ಲಿ ಗುಂಪುಗೂಡಿ, "ಅಕ್ಕ, ನೀನೇ ಹೇಳ್ಬಿಡೇ," ಎಂದು ಅವಳನ್ನು ಮುಂದಕ್ಕೆ ತಳ್ಳುತ್ತಿದ್ದೆವು. ಅವಳು ಹೋಗಿ ಅವರ ಪಕ್ಕದಲ್ಲಿ ಕೂತು, ಸುತ್ತಿ ಬಳಸದೆ, ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. ಆಮೇಲೆ ಅವರು ಅತ್ತು ಮುಗಿಸುವವರೆಗೆ ಏಳುತ್ತಿರಲಿಲ್ಲ.

ಭಾವನದು ಹೊಲಿಗೆ ಮಷಿನ್ ರಿಪೇರಿ ಅಂಗಡಿ. ಅಲ್ಲಿಯೂ ಇದೇ ವ್ಯವಸ್ಥೆ. ಭಾವ ಒಳಗೆ ಎಣ್ಣೆ ಕೈಯಲ್ಲಿ ಮಷಿನ್ ಬಿಚ್ಚಿ ಹರಡಿಕೊಂಡಿರುತ್ತಿದ್ದರು, ಅಕ್ಕ ಮುಂದೆ ಕೌಂಟರಿನಲ್ಲಿ. ಬಿಚ್ಚಿದ ಮಷಿನ್ ಇನ್ನು ಹೊಲಿಯುವುದಿಲ್ಲ ಎಂದು ಗೊತ್ತಾದರೆ ಭಾವ ಹೊರಗೆ ಬರುತ್ತಲೇ ಇರಲಿಲ್ಲ. ಪರದೆಯ ಸಂದಿಯಿಂದ ಅಕ್ಕನ ಮುಖ ನೋಡಿ ತಲೆಯಾಡಿಸುತ್ತಿದ್ದರು. ಅಕ್ಕ ಹೇಳುತ್ತಿದ್ದಳು. ಬಂದ ಟೈಲರ್ ಹೆಂಗಸು ಕಣ್ಣು ಒರೆಸಿಕೊಂಡು, ಅಕ್ಕನಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದಳು. ಒಳಗಿದ್ದ ನಮ್ಮ ಭಾವನಿಗೆ ಆಗ ಉಸಿರು ಬರುತ್ತಿತ್ತು.

ಇಂಥ ಮನೆಯಲ್ಲಿ ಅಕ್ಕನೇ ಹೋದರೆ ಸುದ್ದಿ ಹೇಳುವವರು ಯಾರು? ಆಸ್ಪತ್ರೆಯ ನರ್ಸಮ್ಮ ಅಕ್ಕನದೇ ಫೋನಿನಿಂದ ನೆಂಟರಿಗೆಲ್ಲ ಹೇಳಿದಳು. ಬೀದಿಗೆಲ್ಲ ಮನೆ ಓನರ್ ಹೆಂಡತಿ ಹೇಳಿದಳು. ಭಾವ ಯಾರಿಗೂ ಹೇಳಲಿಲ್ಲ, ಹೇಳಬೇಕಾಗಿಯೂ ಬರಲಿಲ್ಲ. ಅಲ್ಲೇ ಎಡವಟ್ಟಾದದ್ದು. ಆಮೇಲೆ ಒಂದು ದಿನ ಅಂಗಡಿ ತೆಗೆದರು. ಊರಾಚೆಯಿಂದ ಬಂದ ಮೊದಲನೆಯ ಗಿರಾಕಿಯೇ, "ಅಮ್ಮ ಇಲ್ವಾ?" ಅಂದಳು. ಭಾವ, "ಈಗ ಬರ್ತಾಳೆ," ಅಂದು ಶಟರ್ ಎಳೆದುಕೊಂಡು ಮನೆಗೆ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒಳಗೆ ಜನರ ಮಷಿನ್‌ಗಳು ಧೂಳು ತಿನ್ನುತ್ತಿದ್ದವು. ಅಕ್ಕ ಹೋದಮೇಲೆ ನಮ್ಮ ಜೊತೆಗೇ ಇದ್ದ ಭಾವ ಹಗಲೆಲ್ಲ ನಮ್ಮ ಸೋಫಾದಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಅರ್ಧ ಇಳಿದುಹೋಗಿದ್ದರು.

"ಅಣ್ಣ ಒಂದೇ ಒಂದ್ಸಲ ಬಾಯಿಬಿಟ್ಟು ಹೇಳ್ಬಿಟ್ರೆ ಸಾಕು ಕಣ್ರೀ," ಎಂದು ನನ್ನ ಹೆಂಡತಿ ದಿನಕ್ಕೊಂದು ಸಲ ಹೇಳುತ್ತಿದ್ದಳು. "ಅತ್ತಿಗೆ ಹೋದ್ರು ಅಂತ ಅವರ ಬಾಯಿಂದಾನೇ ಬರ್ಬೇಕು. ಹೇಳ್ದೆ ಹೋದ್ರೆ ಈ ಮನುಷ್ಯ ಹಿಂಗೇ ಒಣಗಿ ಹೋಗ್ತಾರೆ."

"ಹೋಗಿ ಅವರಿಗೆ ಹೇಳು ಮತ್ತೆ," ಎಂದು ನಾನು.

"ನೀವೇ ಹೇಳಿ. ನಿಮ್ಮ ಭಾವ."

ಹೀಗೆ ಇಬ್ಬರೂ ಹೇಳಲಿಲ್ಲ.

ಅಷ್ಟರಲ್ಲಿ ಪ್ರವಾಸದ ಆಫೀಸಿನಿಂದ ಫೋನ್ ಬಂತು. ಹಿಂದೆ ಯಾವಾಗಲೋ ಅಕ್ಕ ಆ ಗೋಡೆ ನೋಡಲು ಎರಡು ಸೀಟು ಬುಕ್ ಮಾಡಿಸಿದ್ದಳು. ಸಮುದ್ರ ಹುಚ್ಚೆದ್ದಿದೆಯೆಂದು ಆಗ ಪ್ರವಾಸ ಮುಂದಕ್ಕೆ ಹೋಗಿತ್ತು. "ಈ ಭಾನುವಾರ ಹೊರಡ್ತಿದೀವಿ, ಇಬ್ಬರೂ ಬೇಗ ಬಂದ್ಬಿಡಿ," ಅಂದಳು ಆಫೀಸಿನ ಹುಡುಗಿ. ಭಾವ, "ಆಗ್ಲಮ್ಮ," ಅಂದುಬಿಟ್ಟರು.

ಹೋಗಲೋ ಬೇಡವೋ ಎಂಬುದನ್ನು ಇಡೀ ಕಟ್ಟಡ ಚರ್ಚಿಸಿತು. ಮನೆ ಓನರ್, ಸಮುದ್ರದ ಗಾಳಿಯಿಂದ ಹಸಿವು ಹೆಚ್ಚುತ್ತದೆ ಅಂದರು. ಅವರ ಹೆಂಡತಿ, ಒಬ್ಬರೇ ಹೋದರೆ ಅಳು ಬರುತ್ತದೆ ಅಂದರು. ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರು ಮೆಟ್ಟಿಲ ಮೇಲೆ ಭಾವನನ್ನು ಅಡ್ಡಗಟ್ಟಿ, "ಮೂರು ಕಡೆ ಸಮುದ್ರ, ನಾಲ್ಕನೇ ಕಡೆ ಗೋಡೆ. ಭೂಮಿ ಕಡೆಯಿಂದ ಒಬ್ಬ ವೈರಿ ಒಳಗೆ ಬರೋ ಹಾಗಿಲ್ಲ, ಗೊತ್ತಾಯ್ತೇನ್ರೀ?" ಎಂದು ಪಾಠ ಶುರುಮಾಡಿದರು. ಭಾವ ಗಂಭೀರವಾಗಿ, "ಸಮುದ್ರದ ಕಡೆಯಿಂದ ಬಂದ್ರೆ?" ಎಂದು ಕೇಳಿದರು. ಮೇಷ್ಟ್ರು ಆ ಪ್ರಶ್ನೆಯನ್ನು ತಮ್ಮ ಸರ್ವೀಸಿನಲ್ಲಿ ಯಾರೂ ಕೇಳಿರಲಿಲ್ಲವೆಂದು ಹೇಳಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಭಾನುವಾರ ಭಾವ ಹೊರಟರು. ನಾನೇ ಬಸ್ಸಿನವರೆಗೆ ಬಿಟ್ಟು ಬಂದೆ. ಮುಂದೆ ಬಸ್ಸಿನಲ್ಲಿ ನಡೆದದ್ದು ನಾನು ಕಂಡದ್ದಲ್ಲ. ಭಾವನ ಪಕ್ಕ ಕೂತಿದ್ದ ಒಬ್ಬ ಹೆಂಗಸು ಆಮೇಲೆ ನನಗೆ ಅಕ್ಷರ ಬಿಡದೆ ಹೇಳಿದ್ದು. ಆಕೆಗೆ ಮಡಿಲಲ್ಲೊಂದು, ಕಾಲ ಬಳಿ ಒಂದು, ಭುಜಕ್ಕೊಂದು ಬ್ಯಾಗಿದ್ದುದರಿಂದ ಬ್ಯಾಗಮ್ಮ ಎಂದೇ ಕರೆಯುತ್ತೇನೆ.

ಬಸ್ಸಿನ ಬಾಗಿಲಲ್ಲಿ ಟೂರ್ ಮ್ಯಾನೇಜರ್ ನಿಂತಿದ್ದ. ಸಣ್ಣ ವಯಸ್ಸು, ದೊಡ್ಡ ಜವಾಬ್ದಾರಿ, ಮುಖವೆಲ್ಲ ಬೆವರು.

"ನಿಮ್ದು ಎರಡು ಸೀಟು ಸಾರ್. ಮನೆಯವರೆಲ್ಲಿ?"

ಭಾವ ಬಾಯಿ ತೆರೆದರು. ಒಂದು ಮಾತು ಹೇಳಿದ್ದರೆ ಆಗಿತ್ತು. ಆ ಹುಡುಗ 'ಅಯ್ಯೋ ಪಾಪ' ಎಂದು ಹೇಳಿ ಸುಮ್ಮನಾಗುತ್ತಿದ್ದ, ನಾನು ಮನೆಯಲ್ಲಿ ನೆಮ್ಮದಿಯಾಗಿ ಫ್ಯಾನ್ ಒರೆಸಿಕೊಂಡಿರುತ್ತಿದ್ದೆ.

"ಬಂದ್ಲು," ಅಂದರು ಭಾವ. "ಹಿಂದೇನೇ ಇದಾಳೆ."

ಹಿಂದೆ ಜನ ನೂಕುತ್ತಿದ್ದರು. ಮ್ಯಾನೇಜರ್ ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಂಡು, "ಬೇಗ ಬೇಗ ಹತ್ತಿ," ಅಂದ. ಲೆಕ್ಕದಲ್ಲಿ ಅಕ್ಕ ಬಸ್ ಹತ್ತಿದಳು.

ಬ್ಯಾಗಮ್ಮ ಬಂದು ಭಾವನ ಪಕ್ಕದ ಸೀಟು ತೋರಿಸಿ, "ಇಲ್ಲಿ ಯಾರಾದ್ರೂ ಇದಾರಾ?" ಅಂದಳು.

"ಇಲ್ಲ, ಕೂತ್ಕೊಳಿ. ನಮ್ಮವಳು ಹಿಂದೆ ಕೂತಿದಾಳೆ. ಮುಂದೆ ಕೂತ್ರೆ ಅವಳಿಗೆ ತಲೆ ಸುತ್ತುತ್ತೆ."

"ಹಿಂದೆ ಕೂತ್ರೆ ಅಲ್ವಾ ತಲೆ ಸುತ್ತೋದು?"

"ಅವಳಿಗೆ ಎಲ್ಲಾ ಉಲ್ಟಾ," ಅಂದರು ಭಾವ.

ಅಲ್ಲಿಂದ ಭಾವನ ಬಾಯಿಗೆ ತಡೆಯೇ ಇರಲಿಲ್ಲವಂತೆ. ಮೂರು ತಿಂಗಳಿಂದ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡದ ಮನುಷ್ಯ ದಾರಿಯುದ್ದಕ್ಕೂ ಅಕ್ಕನ ವಿಷಯ ಮಾತಾಡಿದರು. ಅವಳು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದಿಲ್ಲ, ಆದರೆ ಗಂಡನ ಲೋಟದ ತಳದಲ್ಲಿ ಉಳಿದ ಸಕ್ಕರೆ ಕಾಫಿ ಕುಡಿಯುತ್ತಾಳೆ. ಮಳೆ ಬರುತ್ತದೆ ಅಂದರೆ ಬಂದೇ ಬರುತ್ತದೆ. ಜಗಳವಾಡಿದರೆ ಎರಡು ದಿನ ಮಾತು ಬಿಡುತ್ತಾಳೆ, ಆದರೆ ಊಟಕ್ಕೆ ಬನ್ನಿ ಅನ್ನುವುದನ್ನು ಪಾತ್ರೆ ಕುಕ್ಕಿ ತಿಳಿಸುತ್ತಾಳೆ. ಎಲ್ಲವೂ 'ಳೆ', ಎಲ್ಲವೂ ಇವತ್ತಿನ ಮಾತು. ಬ್ಯಾಗಮ್ಮನಿಗೆ ಮನಸ್ಸು ಕರಗಿ ನಿಂಬೆಹುಳಿ ಪೆಪ್ಪರ್‌ಮೆಂಟ್ ಒಂದನ್ನು ತೆಗೆದು, "ಹಿಂದಿರೋ ಇವರ ಮನೆಯವರಿಗೆ ಕೊಡ್ರಪ್ಪ," ಎಂದು ಹಿಂದಿನ ಸೀಟಿಗೆ ದಾಟಿಸಿದಳು. ಪೆಪ್ಪರ್‌ಮೆಂಟ್ ಕೈಯಿಂದ ಕೈಗೆ ಹೋಗಿ ಕೊನೆಯ ಸಾಲು ಮುಟ್ಟಿತು. ಅಲ್ಲಿ ಯಾವ ಮಹಾತಾಯಿ ಅದನ್ನು ಬಾಯಿಗೆ ಹಾಕಿಕೊಂಡಳೋ ಕಾಣೆ, ಸ್ವಲ್ಪ ಹೊತ್ತಿಗೆ ಉತ್ತರ ಸೀಟಿನಿಂದ ಸೀಟಿಗೆ ದಾಟಿ ಮುಂದೆ ಬಂತು.

"ಥ್ಯಾಂಕ್ಸ್ ಅಂತೆ."

ಭಾವ ತಟ್ಟನೆ ಎದ್ದು ಹಿಂದಕ್ಕೆ ತಿರುಗಿ ನೋಡಿದರಂತೆ. ನೋಡುತ್ತಲೇ ನಿಂತಿದ್ದರಂತೆ. ಮ್ಯಾನೇಜರ್ ಬಂದು, "ಸಾರ್, ತಿರುವು ಇದೆ, ಕೂತ್ಕೊಳಿ," ಎಂದಮೇಲೆ ಕೂತರು.

ಗೋಡೆಯನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿಕೊಂಡ ನೆಲ. ಅದರ ಕುತ್ತಿಗೆಯಲ್ಲಿ, ಈ ದಂಡೆಯಿಂದ ಆ ದಂಡೆಗೆ ಅಡ್ಡಲಾಗಿ ಕಪ್ಪು ಕಲ್ಲಿನ ಗೋಡೆ. ಮೇಲೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲ. ನಡುನಡುವೆ ಕುಸಿದು ಹುಲ್ಲು ಬೆಳೆದಿದೆ, ಒಂದು ತುದಿಯಲ್ಲಿ ಬುರುಜು ಅರ್ಧ ಉಳಿದಿದೆ. ಗೋಡೆಯಾಚೆ ಬರೀ ಹುಲ್ಲುಗಾವಲು, ಬಂಡೆ, ಗಾಳಿ. ಕಾಪಾಡುವಂಥದ್ದು ಅಲ್ಲಿ ಈಗ ಏನೂ ಇಲ್ಲ. ಆದರೂ ಗೋಡೆ ಕಾಯುತ್ತಲೇ ಇದೆ, ಅದಕ್ಕೆ ಯಾರೂ ಹೇಳಿಲ್ಲವೇನೋ.

ಊಟವಾದಮೇಲೆ ಎಲ್ಲರೂ ಬಸ್ ಹತ್ತಿದರು. ಮ್ಯಾನೇಜರ್ ತಲೆ ಎಣಿಸಿದ. ಒಂದು ತಲೆ ಕಡಿಮೆ. ಮತ್ತೆ ಎಣಿಸಿದ. ತನ್ನ ತಲೆಯನ್ನೂ ಸೇರಿಸಿ ಎಣಿಸಿ ಸರಿಹೋಯಿತೆಂದು ಖುಷಿಪಟ್ಟು, ಅದು ತನ್ನದೆಂದು ನೆನಪಾಗಿ ಮುಖ ಬಿಳುಚಿಕೊಂಡ.

"ಯಾರ ಮನೆಯವರು ಬಂದಿಲ್ಲ?"

"ಇವರ ಮನೆಯವರು!" ಅಂದಳು ಬ್ಯಾಗಮ್ಮ, ಭಾವನನ್ನು ತೋರಿಸಿ. "ಹಿಂದೆ ಕೂತಿದ್ರಲ್ಲಪ್ಪ, ಪೆಪ್ಪರ್‌ಮೆಂಟ್ ತಗೊಂಡ್ರಲ್ಲ!"

ಬಸ್ಸಿಗೆ ಬಸ್ಸೇ ಭಾವನ ಕಡೆ ತಿರುಗಿತು. ಇದು ಎರಡನೆಯ ಅವಕಾಶ. ಭಾವ ಏನು ಹೇಳಬೇಕಿತ್ತು? ಏನು ಹೇಳಿದರು?

"ಅವಳು ಬರ್ತಾಳೆ. ನೀವು ಹೊರಡಿ."

ಬೆಂಕಿಗೆ ತುಪ್ಪ ಸುರಿದಂತಾಯಿತು. "ಹೊರಡಿ ಅಂತಾರಲ್ರೀ! ಹೆಂಡತೀನ ಸಮುದ್ರದ ದಡದಲ್ಲಿ ಬಿಟ್ಟು!" ಎಂದು ಒಬ್ಬರು. "ಜಗಳ ಆಡಿರ್ಬೇಕು, ಅದಕ್ಕೇ ಹಿಂದೆ ಕೂರ್ಸಿದ್ದು," ಎಂದು ಇನ್ನೊಬ್ಬರು. "ಜಗಳ ಆಡಿದ್ರೆ ಎರಡು ದಿನ ಮಾತು ಬಿಡ್ತಾರಂತೆ," ಎಂದು ಬ್ಯಾಗಮ್ಮ ದಾಖಲೆ ಒದಗಿಸಿದಳು. ಡ್ರೈವರ್ ಇಂಜಿನ್ ಆಫ್ ಮಾಡಿದ.

ಗೋಡೆ ನೋಡಿಕೊಳ್ಳುವ ಅಧಿಕಾರಿ ಓಡಿ ಬಂದರು. ಗೋಡೆ ಸಾಹೇಬರು ಎಂದು ಅಲ್ಲಿ ಅವರ ಹೆಸರು. ಗೋಡೆಯ ವಿಷಯದಲ್ಲಿ ಅವರಿಗೆ ಅದನ್ನು ಕಟ್ಟಿಸಿದ ರಾಜನಿಗಿಂತ ಹೆಚ್ಚು ಅಭಿಮಾನ.

"ನಮ್ಮ ಗೋಡೇಲಿ ಇದುವರೆಗೂ ಯಾರೂ ಕಳೆದುಹೋಗಿಲ್ಲ!" ಎಂದು ಅವರು ಎದೆ ಮುಟ್ಟಿಕೊಂಡರು. "ಒಂದು ಕಲ್ಲು ಕಳೆದುಹೋಗೋಕೂ ನಾನು ಬಿಟ್ಟಿಲ್ಲ. ನಿಮ್ಮ ಮನೆಯವರು ಇಲ್ಲೇ ಎಲ್ಲೋ ಇರ್ತಾರೆ. ಇರಲೇಬೇಕು."

"ಇರ್ತಾಳಾ?" ಅಂದರು ಭಾವ.



ಜೀಪಿನಲ್ಲಿ ಬಂದ ಇನ್‌ಸ್ಪೆಕ್ಟರಮ್ಮ ಚುರುಕು ಹೆಂಗಸು. ಬಂದವಳೇ ಕೇಳಿದಳು. "ಏನು ಬಟ್ಟೆ ಹಾಕಿದ್ರು?"

"ನೀಲಿ ಸ್ವೆಟರ್," ಅಂದರು ಭಾವ. "ಅವಳೇ ಹೆಣೆದದ್ದು. ಎಡಗೈ ಸ್ವಲ್ಪ ಉದ್ದ. ಮಡಚ್ಕೊಂಡಿರ್ತಾಳೆ."

ಸುಳ್ಳಲ್ಲ. ಕೊನೆಯ ಸಲ ಆಸ್ಪತ್ರೆಗೆ ಹೋಗುವಾಗ ಹಾಕಿಕೊಂಡಿದ್ದು ಅದನ್ನೇ.

ವಿವರ ಸಿಕ್ಕಿದ್ದೇ ತಡ, ಸಾಕ್ಷಿಗಳು ಹುಟ್ಟಿಕೊಂಡರು. ಜನರಿಗೆ ಸಹಾಯ ಮಾಡುವ ಆಸೆ ಎಷ್ಟು ಬಲವಾದದ್ದೆಂದರೆ, ಅದಕ್ಕೆ ಕಣ್ಣಿನ ಅವಶ್ಯಕತೆಯೂ ಇಲ್ಲ.

"ನೀಲಿ ಸ್ವೆಟರಾ? ನೋಡಿದೆ ಮೇಡಂ," ಎಂದ ಐಸ್‌ಕ್ರೀಮ್‌ನವನು. "ಒಂದು ಕಪ್ ತಗೊಂಡ್ರು. ಇಷ್ಟೇನಾ ಕೊಡೋದು ಅಂತ ಬೈದ್ರು."

"ಬೈದ್ಲಾ?" ಭಾವ ಅವನ ಹತ್ತಿರ ಹೋದರು. "ಬೈದ್ಲಾ ನಿಂಗೆ? ಹಾಗಾದ್ರೆ ಅವಳೇ."

ಫೋಟೋ ತೆಗೆಯುವವನು ಹಿಂದೆ ಬೀಳುತ್ತಾನೆಯೇ? ಅವನು ಬುರುಜಿನ ಹತ್ತಿರ ನೋಡಿದ್ದನಂತೆ, ಸಮುದ್ರ ನೋಡುತ್ತಾ ನಿಂತಿದ್ದರಂತೆ.

"ಮಂಡಿ ಹಿಡ್ಕೊಂಡಿದ್ಲಾ?" ಎಂದು ಭಾವ.

"ಹೂಂ ಸಾರ್, ಹಿಡ್ಕೊಂಡಿದ್ರು."

"ಉಸಿರಾಡೋಕೆ ಕಷ್ಟ ಪಡ್ತಿದ್ಲಾ?"

"ಇಲ್ಲ ಸಾರ್. ಆರಾಮಾಗಿದ್ರು."

ಭಾವ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. "ಆರಾಮಾಗಿದ್ಲಂತೆ," ಎಂದು ಇನ್‌ಸ್ಪೆಕ್ಟರಮ್ಮನಿಗೆ ಹೇಳಿದರು. "ಆರಾಮಾಗಿದ್ಲಂತೆ," ಎಂದು ಬ್ಯಾಗಮ್ಮನಿಗೆ ಹೇಳಿದರು. ಮತ್ತೆ ಎದ್ದು ತಾವೂ ಹುಡುಕಲು ಹೊರಟರು. ಸುಮ್ಮನೆ ನಾಟಕಕ್ಕಲ್ಲ. ಬುರುಜಿನ ಹಿಂದೆ, ಕುಸಿದ ಕಲ್ಲುಗಳ ಸಂದಿಯಲ್ಲಿ, ಹೆಂಗಸರ ಶೌಚಾಲಯದ ಬಾಗಿಲ ಮುಂದೆ, ಎಲ್ಲ ಕಡೆ ಹುಡುಕಿದರು.

ನಾನು ಆಗ ಮನೆಯಲ್ಲಿ ಸ್ಟೂಲ್ ಹತ್ತಿ ಫ್ಯಾನ್ ಒರೆಸುತ್ತಿದ್ದೆ. ಫೋನ್ ಹೊಡೆದುಕೊಂಡಿತು. ಭಾವನೇ ನಂಬರ್ ಕೊಟ್ಟಿದ್ದರಂತೆ.

"ಪೊಲೀಸ್ ಸ್ಟೇಷನ್‌ನಿಂದ ಮಾತಾಡ್ತಿದೀವಿ. ನಿಮ್ಮ ಅಕ್ಕ ಕಾಣೆಯಾಗಿದಾರೆ."

ಸ್ಟೂಲ್ ಮೇಲೆ ನಿಂತಿದ್ದ ನನಗೆ ಏನಾಯಿತು ಎಂದು ನೇರವಾಗಿ ಹೇಳುತ್ತೇನೆ, ನಗುವವರು ನಗಲಿ. ನನಗೆ ಸಂತೋಷವಾಯಿತು. ಕಾಣೆಯಾಗಿದಾರೆ! ಬರೀ ಕಾಣೆ! ಕಾಣೆಯಾದವರು ಸಿಗುತ್ತಾರಲ್ಲ! ಅಷ್ಟರಲ್ಲಿ ಬುದ್ಧಿ ಬಂತು.

"ಸಾರ್, ಒಂದ್ನಿಮಿಷ. ನಮ್ಮಕ್ಕ..."

"ಗಾಬರಿಯಾಗ್ಬೇಡಿ. ಸಿಗ್ತಾರೆ."

"ಸಿಗ್ತಾರಾ ಸಾರ್?" ಅಂದೆ. ಭಾವನನ್ನು ಏನೆಲ್ಲ ಅನ್ನುತ್ತಾ ಬಂದೆನೋ ಅದೆಲ್ಲ ನನಗೂ ಅನ್ವಯಿಸುತ್ತದೆ, ಬೇಕಾದರೆ ಹಿಂದಿನ ಪುಟ ತಿರುವಿ ಓದಿಕೊಳ್ಳಿ.

ನನ್ನ ಹೆಂಡತಿ ವಿಷಯ ಕೇಳಿ ಹಣೆ ಹಣೆ ಚಚ್ಚಿಕೊಂಡಳು. "ಅಲ್ಲ, ನಿಮಗೆ ಬಾಯಿಲ್ವಾ? ಕೊಡಿ ಇಲ್ಲಿ, ನಾನ್ ಹೇಳ್ತೀನಿ," ಎಂದು ಫೋನ್ ಕಿತ್ತುಕೊಂಡು ಅದೇ ನಂಬರಿಗೆ ವಾಪಸ್ ಫೋನ್ ಮಾಡಿದಳು. ಸೊಂಟಕ್ಕೆ ಕೈಯಿಟ್ಟು ನಿಂತ ಭಂಗಿ ನೋಡಿದರೆ ಮೂರು ವಾಕ್ಯದಲ್ಲಿ ಮುಗಿಸುತ್ತಾಳೆ ಅನ್ನಿಸಿತು.

"ನಾನು ಅವರ ತಮ್ಮನ ಹೆಂಡತಿ ಮಾತಾಡೋದು. ನೋಡಿ, ನಮ್ಮ ಅತ್ತಿಗೆ..." ಆ ಕಡೆಯವನು ಏನೋ ಕೇಳಿದ. "ಆಂ? ಹೌದು, ಇತ್ತು, ಮಂಡಿ ನೋವಿತ್ತು. ಜಾಸ್ತಿ ದೂರ ನಡೆಯೋಕಾಗಲ್ಲ ಅವರಿಗೆ, ಹತ್ತಿರದಲ್ಲೇ ಹುಡುಕಿ. ಗಾಳಿಗೆ ಕೂತಿದ್ರೆ ಬೆಚ್ಚಗೆ ಏನಾದ್ರೂ ಹೊದಿಸಿ, ಪಾಪ." ಫೋನ್ ಇಟ್ಟಳು. ಸೆರಗಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಮೂರು ತಿಂಗಳಲ್ಲಿ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಟ್ಯಾಕ್ಸಿ ಮಾಡಿಕೊಂಡು ಹೊರಟೆವು. ದಾರಿಯುದ್ದಕ್ಕೂ, ಹೋದ ತಕ್ಷಣ ಯಾರು ಹೇಳಬೇಕು ಎಂಬ ಬಗ್ಗೆ ಗಂಡ ಹೆಂಡತಿ ಕಿತ್ತಾಡಿದೆವು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏನ್ಸಾರ್ ವಿಷ್ಯ?" ಅಂದ. "ನಮ್ಮಕ್ಕ ಕಾಣ್ತಿಲ್ಲಪ್ಪ," ಅಂದೆ. ಅಲ್ಲಿಂದ ಅವನು ಗಾಡಿ ಓಡಿಸಿದ ರೀತಿಗೆ ನಾವೂ ಅಕ್ಕನ ಹತ್ತಿರವೇ ಹೋಗಿ ಸೇರಬೇಕಿತ್ತು.

ಗೋಡೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಗೋಡೆಯುದ್ದಕ್ಕೂ ಜನ. ಕೆಳಗೆ ದೋಣಿಯೊಂದು ಬಂಡೆಗಳ ಸುತ್ತ ಸುತ್ತುತ್ತಿತ್ತು. ಎಲ್ಲ ಕಡೆಯಿಂದ, "ಅಮ್ಮಾ! ಅಮ್ಮೋ! ಮೇಡಂ!" ಎಂಬ ಕೂಗು. ಬದುಕಿದ್ದಾಗ ನಮ್ಮಕ್ಕನನ್ನು ಇಷ್ಟು ಜನ ಒಟ್ಟಿಗೆ ಕರೆದದ್ದಿಲ್ಲ.

ಸೀದಾ ಇನ್‌ಸ್ಪೆಕ್ಟರಮ್ಮನ ಹತ್ತಿರ ಹೋದೆ. "ಮೇಡಂ, ಒಂದು ಮುಖ್ಯವಾದ ವಿಷಯ ಹೇಳ್ಬೇಕು."

"ತಮ್ಮನಾ? ಧೈರ್ಯ ತಗೊಳಿ. ಆಮೇಲೆ ಮಾತಾಡೋಣ, ಬೆಳಕಿರೋಷ್ಟರಲ್ಲಿ ಹುಡುಕ್ಬೇಕು," ಎಂದು ಆಕೆ ನನ್ನನ್ನು ಗೋಡೆ ಸಾಹೇಬರ ಕಡೆ ತಳ್ಳಿದಳು. ಗೋಡೆ ಸಾಹೇಬರು, "ತಗೊಳಿ, ಊದ್ತಾ ಇರಿ," ಎಂದು ನನ್ನ ತೆರೆದ ಬಾಯಿಗೆ ಸೀಟಿಯೊಂದನ್ನು ಇಟ್ಟರು. ಹೇಳಬೇಕೆಂದುಕೊಂಡ ಮಾತು ಪೀ ಎಂದು ಹೊರಗೆ ಬಂತು.

ಆ ಸದ್ದಿಗೆ ಭಾವ ಓಡೋಡಿ ಬಂದರು. ಮೈಯೆಲ್ಲ ಧೂಳು, ಮೊಣಕೈ ತರಚಿತ್ತು, ಕಣ್ಣು ಹೊಳೆಯುತ್ತಿತ್ತು. ಮೂರು ತಿಂಗಳಿಂದ ಸೋಫಾದಲ್ಲಿ ಮಲಗಿದ್ದ ಮನುಷ್ಯ ಇವರೇನಾ ಅನ್ನಿಸಿತು.

"ಬಂದ್ಯೇನಯ್ಯಾ? ನೋಡಿದಾರಂತೆ ಕಣಯ್ಯಾ! ಈ ಐಸ್‌ಕ್ರೀಮ್‌ನವ್ನು ನೋಡಿದಾನೆ, ಆ ಫೋಟೋದವ್ನೂ ನೋಡಿದಾನೆ!"

"ಭಾವ," ಅಂದೆ.

"ಆರಾಮಾಗಿದ್ಲಂತೆ. ಉಸಿರಾಟ ಸಲೀಸಾಗಿತ್ತಂತೆ."

ಆಮೇಲೆ ನಾನೇನು ಹೇಳಲಿ? ನೀವಾದರೆ ಹೇಳುತ್ತಿದ್ದಿರಾ? ನನ್ನ ಹೆಂಡತಿ ಮುಖ ತಿರುಗಿಸಿಕೊಂಡು ಸಮುದ್ರ ನೋಡತೊಡಗಿದಳು. ನಾನು ಸೀಟಿ ಬಾಯಿಗಿಟ್ಟುಕೊಂಡು ಊದಿದೆ.

ಇನ್‌ಸ್ಪೆಕ್ಟರಮ್ಮನಿಗೆ ಕೊನೆಯ ಉಪಾಯವೊಂದು ಹೊಳೆಯಿತು. ಜೀಪಿನಿಂದ ಕೈಮೈಕು ತರಿಸಿದಳು. "ಎಲ್ಲೋ ಹೆದರ್ಕೊಂಡು ಕೂತಿದ್ರೆ ನಮ್ಮ ದನಿಗೆ ಬರಲ್ಲ. ನೀವೇ ಕರೀರಿ. ಗಂಡನ ದನಿ ಕೇಳಿದ್ರೆ ಖಂಡಿತಾ ಬರ್ತಾರೆ."

ಭಾವ ಮೈಕು ಹಿಡಿದು ಗೋಡೆಯ ಮೇಲಿನ ಎತ್ತರದ ಕಲ್ಲು ಹತ್ತಿದರು. ಇನ್‌ಸ್ಪೆಕ್ಟರಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಗಾಳಿ ಮಾತ್ರ ಯಾರ ಮಾತೂ ಕೇಳಲಿಲ್ಲ.

"ಹಲೋ," ಅಂದರು ಭಾವ. ಮೈಕು ಕೀರಲುಗುಟ್ಟಿತು. ಗೋಡೆ ಸಾಹೇಬರು, ಬಾಯಿಂದ ಸ್ವಲ್ಪ ದೂರ ಹಿಡಿಯಿರಿ ಎಂದು ಸನ್ನೆ ಮಾಡಿದರು. ಭಾವ ಹಿಡಿದರು.

"ಲೇ, ಇವಳೇ... ನಾನು ಕಣೇ." ಭಾವ ಎಂದೂ ಅಕ್ಕನನ್ನು ಬೇರೆ ರೀತಿ ಕರೆದವರಲ್ಲ. "ಎಲ್ಲಿದೀಯೇ? ಇವ್ರೆಲ್ಲ ನಿನ್ನ ಹುಡುಕ್ತಿದಾರೆ ನೋಡು. ಪಾಪ, ಊಟ ಮಾಡಿ ಮನೆಗೆ ಹೋಗ್ಬೇಕಾದವ್ರು. ಬಸ್ ನಿಂತಿದೆ. ನಿನ್ನ ತಮ್ಮ ಬಂದಿದಾನೆ, ಅವನ ಹೆಂಡತೀನೂ ಬಂದಿದಾಳೆ."

ಸ್ವಲ್ಪ ಹೊತ್ತು ಕಾದರು. ಉತ್ತರ ಬರುತ್ತದೆಂದೇ ಕಾದರು. ನಾವೂ ಕಾದೆವು.

"ನೋಡಿದ್ವಿ ಅಂತಾರೆ ಎಲ್ರೂ. ನಂಗೆ ಮಾತ್ರ ಕಾಣ್ತಿಲ್ಲ. ಆಟ ಆಡ್ಬೇಡ ಬಾರೇ. ಬಂದು ನೀನೇ ಇವ್ರಿಗೆ ಹೇಳೇ. ನೀನು ಸತ್ತೋಗಿದೀಯ ಅಂತ ಹೇಳೋಕೆ ನಂಗೆ ಬರಲ್ಲ ಕಣೇ. ಒಂದು ಮಷಿನ್ ಹೋಗಿದೆ ಅಂತ ಹೇಳೋಕೂ ಬರಲ್ಲ ನಂಗೆ, ನಿಂಗೊತ್ತಲ್ಲ. ಯಾವತ್ತಾದ್ರೂ ಕಲಿಸಿದ್ಯಾ? ಎಲ್ಲಾ ನೀನೇ ಹೇಳ್ಕೊಂಡ್ ಬಂದೆ. ಇದೊಂದನ್ನೂ ಹೇಳಿ ಹೋಗ್ಬಾರ್ದಿತ್ತಾ?"

ಮೈಕನ್ನು ಕೆಳಗಿಳಿಸಿದರು. ಅಲ್ಲಿಯೇ ಕಲ್ಲಿನ ಮೇಲೆ ಕುಕ್ಕರಿಸಿದರು. ಆಮೇಲೆ ಮೈಕಿಲ್ಲದೆ, ಯಾರಿಗೂ ಅಲ್ಲದಂತೆ, "ಸತ್ತೋದ್ಲು," ಅಂದರು. "ನಮ್ಮವಳು ಸತ್ತೋದ್ಲು ಕಣ್ರೀ." ಹೇಳಿದ್ದೇ ತಡ, ದೊಡ್ಡ ದನಿ ತೆಗೆದು ಅತ್ತರು. ನಾನೂ ಅತ್ತೆ. ಸೀಟಿ ಬಾಯಲ್ಲೇ ಇತ್ತೆಂದು ಆಮೇಲೆ ಗೊತ್ತಾಯಿತು, ನನ್ನ ಅಳುವೆಲ್ಲ ಪೀ ಪೀ ಎಂದು ಕೇಳುತ್ತಿತ್ತಂತೆ. ಯಾರೂ ನಗಲಿಲ್ಲ.

ಬ್ಯಾಗಮ್ಮ ಬ್ಯಾಗುಗಳನ್ನೆಲ್ಲ ನೆಲದ ಮೇಲೆ ಬಿಟ್ಟು ಭಾವನ ಪಕ್ಕ ಹೋಗಿ ಕೂತಳು. ಐಸ್‌ಕ್ರೀಮ್‌ನವನು, "ಯಾರೋ ನೀಲಿ ಸ್ವೆಟರ್ ಹಾಕ್ಕೊಂಡಿದ್ದಂತೂ ನಿಜ ಸಾರ್," ಎಂದು ನನ್ನ ಕಿವಿಯಲ್ಲಿ ತಪ್ಪೊಪ್ಪಿಕೊಂಡ. ಗೋಡೆ ಸಾಹೇಬರು ಏನೋ ಹೇಳಲು ಮುಂದೆ ಬಂದು, ಭಾವನ ಮುಖ ನೋಡಿ, ತಲೆಯ ಮೇಲಿದ್ದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಉಳಿದವಳು ಇನ್‌ಸ್ಪೆಕ್ಟರಮ್ಮ. ನಾನು ಕೈಮುಗಿದುಕೊಂಡು ಹೋದೆ. "ಮೇಡಂ, ತಪ್ಪಾಯ್ತು. ನಮ್ಮ ಮನೇಲಿ ಯಾರಿಗೂ ಹೇಳೋಕೆ ಬರಲ್ಲ..."

"ಇಷ್ಟು ಜನರನ್ನ ಓಡಾಡ್ಸಿದೀರಲ್ರೀ," ಎಂದು ಆಕೆ ಜೋರಾಗಿಯೇ ಶುರು ಮಾಡಿದಳು. ಮೂಗು ಒರೆಸಿಕೊಂಡಳು. "ನಡೀರಿ, ಎಲ್ಲರೂ ಬಸ್ ಹತ್ತಿ. ಮೊದ್ಲು ಆ ದೋಣಿಯವ್ನನ್ನ ವಾಪಸ್ ಕರೀಬೇಕು. ಪಾಪ, ಅವ್ನಿಗೆ ಗಾಳೀಲಿ ಏನೂ ಕೇಳಿಸಿಲ್ಲ."

ಹೌದು, ದೋಣಿ ಇನ್ನೂ ಸುತ್ತುತ್ತಲೇ ಇತ್ತು. ನೆಲದ ಕೊನೆಯ ತುದಿಯಲ್ಲಿ, ಸಮುದ್ರದಿಂದ ಎದ್ದು ನಿಂತ ದೊಡ್ಡ ಬಂಡೆಯ ಕಡೆಗೆ ಹೊರಟಿತ್ತು. ಇನ್‌ಸ್ಪೆಕ್ಟರಮ್ಮ ಮೈಕಿಗಾಗಿ ಕೈಚಾಚಿದಳು.

ಭಾವ ಮೈಕು ಕೊಡಲಿಲ್ಲ. "ಮೇಡಂ," ಅಂದರು, ಕಣ್ಣು ಒರೆಸಿಕೊಳ್ಳುತ್ತಾ. "ಹೆಂಗೂ ಹೊರಟಿದಾನಲ್ಲ. ಆ ಬಂಡೆ ಹಿಂದೆ ಒಂದ್ಸಲ ನೋಡ್ಕೊಂಡ್ ಬರ್ಲಿ."

ಇನ್‌ಸ್ಪೆಕ್ಟರಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಕೆ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು.

ಯಾರೂ ಬಸ್ ಹತ್ತಲಿಲ್ಲ. ಎಲ್ಲರೂ ಗೋಡೆಯಂಚಿಗೆ ಬಂದು ನಿಂತೆವು. ದೋಣಿ ನಿಧಾನವಾಗಿ ಹೋಗಿ ಬಂಡೆಯ ಹಿಂದೆ ಮರೆಯಾಯಿತು. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಟೂರ್ ಮ್ಯಾನೇಜರ್ ತುದಿಗಾಲಲ್ಲಿ ನಿಂತಿದ್ದ. ದೋಣಿ ಬರಲು ತಡವಾಯಿತು, ತಡವಾದಷ್ಟೂ ನಾವೆಲ್ಲ, ಬುದ್ಧಿಯಿದ್ದವರು, ಲೆಕ್ಕ ಬಲ್ಲವರು, ಪೊಲೀಸಿನವರು, ಉಸಿರು ಬಿಗಿಹಿಡಿದು ಆ ಬಂಡೆಯನ್ನೇ ನೋಡಿದೆವು.

ಬಂಡೆಯ ಇನ್ನೊಂದು ಕಡೆಯಿಂದ ದೋಣಿ ಹೊರಗೆ ಬಂತು. ಅದರಲ್ಲಿದ್ದವನು ಎದ್ದು ನಿಂತು, ಯಾರೂ ಸಿಗಲಿಲ್ಲವೆಂದು ಎರಡೂ ಕೈಗಳನ್ನು ಅಡ್ಡಡ್ಡ ಆಡಿಸಿದ. ಮುಂದೇನು ಮಾಡಲಿ ಎಂದು ಕೇಳುವವನಂತೆ ಹಾಗೆಯೇ ನಿಂತ. ಇನ್‌ಸ್ಪೆಕ್ಟರಮ್ಮ ಏನೂ ಮಾಡಲಿಲ್ಲ. ಭಾವ ಒಂದು ಹೆಜ್ಜೆ ಮುಂದೆ ಬಂದು ತೋಳೆತ್ತಿ, ಸಾಕು, ಬಂದುಬಿಡಪ್ಪ ಎಂದು ಅವನಿಗೆ ಸನ್ನೆ ಮಾಡಿದರು.